ಬಿಡುವಿನ ವೇಳೆ: ಒದ್ದೆ ಕಾಗದದ ಮೇಲೆ ಮಾವಿನ ಹಣ್ಣು



ಕಳೆದ ಸಂಚಿಕೆಯಲ್ಲಿ ನೀರುಬಣ್ಣದ ಸಾಮಾನು ಕೊಳ್ಳುವ ವಿಷಯ ಬರೆದಿದ್ದೆನಲ್ಲ, ಅದಕ್ಕೆ ಬಂದ ಪತ್ರಗಳನ್ನೆಲ್ಲ ಓದಿದೆ. ಅರಸೀಕೆರೆ ಕಡೆಯ ಒಬ್ಬ ತಂಗಿ ಹೀಗೆ ಬರೆದಿದ್ದಾರೆ: "ಅಕ್ಕಾ, ಕಾಗದ ಒದ್ದೆ ಮಾಡಿ ಮಾವಿನ ಹಣ್ಣಿಗೆ ಬಣ್ಣ ಬಿಟ್ಟೆ. ಹಳದಿ, ಕೆಂಪು, ಹಸಿರು ಎಲ್ಲಾ ಸೇರಿ ಕೆರೆಯ ಕೆಸರಿನ ಹಾಗಾಯಿತು. ಅದನ್ನು ನೋಡಿ ನಮ್ಮತ್ತೆ, ಎರಡು ಮಕ್ಕಳ ತಾಯಿಯಾದ ಮೇಲೆ ಇದೆಂಥ ಮಕ್ಕಳಾಟ ಅಂದರು. ಡಬ್ಬಿ ಅಟ್ಟ ಸೇರಿದೆ."

ತಂಗೀ, ಮೊದಲು ಆ ಡಬ್ಬಿ ಕೆಳಗಿಳಿಸಿ. ಕೆಸರಿಗೆ ಮದ್ದು ಇದೆ, ಈಗಲೇ ಹೇಳುತ್ತೇನೆ. ಅತ್ತೆಯವರ ಮಾತಿಗೆ ಆಮೇಲೆ ಬರೋಣ.

ನಾನೇನು ಚಿತ್ರಕಲೆಯ ಶಾಲೆಗೆ ಹೋದವಳಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಕಟ್ಟಿ ಪಾಸಾಗಿದ್ದೆ, ಅಷ್ಟೆ. ಆಮೇಲೆ ಮದುವೆ, ಮಕ್ಕಳು, ಬಾಣಂತನ, ಹಪ್ಪಳ ಸಂಡಿಗೆ. ಮತ್ತೆ ಕುಂಚ ಹಿಡಿದಾಗ ನನಗೆ ನಲವತ್ತು ತುಂಬಿತ್ತು. ನಾನು ಬರೆದ ಮೊದಲ ಹತ್ತು ಮಾವಿನ ಹಣ್ಣುಗಳನ್ನು ನೋಡಿದ ನಮ್ಮ ಮನೆಯವರು, "ಆಲೂಗಡ್ಡೆ ಚೆನ್ನಾಗಿ ಬಂದಿದೆ" ಅಂದಿದ್ದರು. ಆದ್ದರಿಂದ ಕೆಸರಿನ ಅನುಭವದಲ್ಲಿ ನಾನು ನಿಮಗಿಂತ ಹಿರಿಯಳು.

ಈ ಕ್ರಮಕ್ಕೆ ವೆಟ್ ಇನ್ ವೆಟ್ ಅಂತ ಹೆಸರು. ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಬಿಟ್ಟು, ಅವು ತಾವಾಗಿಯೇ ಒಂದರೊಳಗೊಂದು ಹರಿಯುವ ಹಾಗೆ ಮಾಡುವುದು. ನಮ್ಮ ಕಡೆಯ ಹಣ್ಣುಗಳಿಗೆ ಹೇಳಿ ಮಾಡಿಸಿದ ಕ್ರಮ ಇದು. ಮಾವು, ಪಪ್ಪಾಯಿ, ಸೀಬೆ ಯಾವುದನ್ನೇ ನೋಡಿ, ಇಲ್ಲಿಗೆ ಹಳದಿ ಮುಗಿಯಿತು, ಇಲ್ಲಿಂದ ಕೆಂಪು ಶುರು ಅಂತ ಗೆರೆ ಇರುವುದಿಲ್ಲ. ಒಣ ಕಾಗದದ ಮೇಲೆ ಎಷ್ಟು ತಿದ್ದಿದರೂ ಆ ಮೈಬಣ್ಣ ಬರುವುದಿಲ್ಲ.

ಕಾಗದ ದಪ್ಪವಿರಲೇಬೇಕು. ಮಕ್ಕಳ ಡ್ರಾಯಿಂಗ್ ಪುಸ್ತಕದ ಹಾಳೆ ನೀರು ಬಿದ್ದ ತಕ್ಷಣ ಹಪ್ಪಳದ ಹಾಗೆ ಉಬ್ಬಿ, ಗುಂಡಿ ಇದ್ದಲ್ಲಿ ಬಣ್ಣ ನಿಂತುಬಿಡುತ್ತದೆ. ಅಂಗಡಿಯಲ್ಲಿ 300 ಜಿ.ಎಸ್.ಎಂ. ಕಾಗದ ಅಂತ ಕೇಳಿ. ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ ಎಂದು ಅರ್ಥ. ಬೆಲೆ ಕೇಳಿ ಹಿಂದೆ ಸರಿಯಬೇಡಿ. 22 ಅಂಗುಲಕ್ಕೆ 30 ಅಂಗುಲದ ಒಂದು ಪೂರ್ತಿ ಹಾಳೆಯಲ್ಲಿ, ಹನ್ನೊಂದಕ್ಕೆ ಏಳೂವರೆ ಅಂಗುಲದ ಎಂಟು ತುಂಡು ಬರುತ್ತವೆ. ಒಂದು ತುಂಡಿನ ಎರಡೂ ಮಗ್ಗುಲು ಬಳಸಿದರೆ ಹದಿನಾರು ಹಣ್ಣು. ಮಕ್ಕಳು ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡಿಗೆ ನಾಲ್ಕೂ ಅಂಚು ಟೇಪು ಹಚ್ಚಿ ಕೂರಿಸಿದರೆ ಕಾಗದ ಅಲ್ಲಾಡುವುದಿಲ್ಲ.

ಎರಡು ಪಾತ್ರೆ ನೀರು ಬೇಕು. ಒಂದು ಕುಂಚ ತೊಳೆಯಲು, ಇನ್ನೊಂದು ಶುದ್ಧವಾಗಿಡಲು. ಸ್ಟೀಲ್ ಲೋಟ ಮಾತ್ರ ಇಡಬೇಡಿ. ನಮ್ಮ ಮನೆಯವರು ಒಮ್ಮೆ ಟೀವಿ ನೋಡುತ್ತಾ ಕಷಾಯ ಅಂತ ಕೈಗೆತ್ತಿಕೊಂಡಿದ್ದರು. ಆಮೇಲಿಂದ ಹಳೆಯ ಗಾಜಿನ ಶೀಸೆ ಇಡುತ್ತೇನೆ. ಹಾಗೇ ಕುಂಚದ ತುದಿ ಚೂಪು ಮಾಡಲು ಬಾಯಿಗೆ ಇಡುವ ಅಭ್ಯಾಸ ಯಾರಿಗಾದರೂ ಇದ್ದರೆ ಬಿಡಿ. ಬಣ್ಣ ಹೊಟ್ಟೆಗೆ ಹೋಗುವ ವಸ್ತುವಲ್ಲ.

ಈಗ ಮುಖ್ಯ ಸಂಗತಿ. ಪೆನ್ಸಿಲಿನಲ್ಲಿ ತೆಳುವಾಗಿ ಹಣ್ಣಿನ ಆಕಾರ ಬರೆದುಕೊಳ್ಳಿ. ಬರೀ ನೀರು ಅದ್ದಿದ ಕುಂಚದಿಂದ ಆ ಗೆರೆಯ ಒಳಗೆ ಮಾತ್ರ ಒದ್ದೆ ಮಾಡಿ. ಗೆರೆಯ ಹೊರಗೆ ಒಣಗಿದ್ದರೆ ಬಣ್ಣ ಅಲ್ಲಿಗೆ ದಾಟುವುದಿಲ್ಲ, ನೀರು ಎಲ್ಲಿದೆಯೋ ಅಲ್ಲಿಗಷ್ಟೇ ಹೋಗುತ್ತದೆ. ಬೆಳಕು ಬಿದ್ದು ಹೊಳೆಯುವ ಜಾಗ ಇರುತ್ತದಲ್ಲ, ಒಂದು ಹುಣಿಸೆ ಬೀಜದಷ್ಟು, ಅಲ್ಲಿಗೂ ನೀರು ಸೋಕಿಸಬೇಡಿ. ಆ ಕಾಗದದ ಬಿಳಿಯೇ ಹಣ್ಣಿನ ಹೊಳಪು. ಆಮೇಲೆ ಬಿಳಿ ಬಣ್ಣ ಇಟ್ಟು ತರಿಸುತ್ತೇನೆ ಅಂದರೆ ಸುಣ್ಣ ಅಂಟಿದ ಹಾಗೆ ಕಾಣುತ್ತದೆ.

ನೀರು ಹಚ್ಚಿದ ಕೂಡಲೇ ಬಣ್ಣ ಹಾಕುವುದಲ್ಲ. ಎಲ್ಲರೂ ಎಡವುವುದು ಇಲ್ಲೇ. ಮೈಸೂರುಪಾಕು ಮಾಡುವಾಗ ಪಾಕ ಒಂದೆಳೆಗೆ ಬಂತೋ ಇಲ್ಲವೋ ಅಂತ ನಾವು ಗಡಿಯಾರ ನೋಡುತ್ತೇವೆಯೆ? ಬೆರಳಿಗೆ ತಗೊಂಡು ನೋಡುತ್ತೇವೆ. ಇದಕ್ಕೂ ಅಂಥದೇ ಹದ ಇದೆ. ಪ್ಯಾಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓರೆಯಾಗಿ ಬೆಳಕಿಗೆ ಹಿಡಿಯಿರಿ. ನೀರು ಕನ್ನಡಿಯ ಹಾಗೆ ನಿಂತು ತುಳುಕುತ್ತಿದ್ದರೆ ತಾಳಿ, ಈಗ ಹಾಕಿದ ಬಣ್ಣ ತೇಲಿಹೋಗಿ ಎಲ್ಲಾ ಒಂದೇ ಆಗುತ್ತದೆ. ಆಗ ತಾನೇ ಒರೆಸಿದ ಕಾವಿ ನೆಲದ ಹಾಗೆ, ನೀರು ನಿಂತಿಲ್ಲ ಆದರೆ ಹೊಳಪಿದೆ ಅನ್ನುವಾಗ ಶುರು ಮಾಡಿ. ಹೊಳಪು ಹೋಗಿ ಮಂಕಾಗಿದೆ, ಬೆರಳ ಹಿಂಬದಿ ತಾಗಿಸಿದರೆ ತಣ್ಣಗಿದೆ ಅಂದರೆ ಹದ ಮೀರಿತು. ಪೂರ್ತಿ ಒಣಗುವ ತನಕ ಕೈ ಕಟ್ಟಿ ಕೂರಬೇಕು, ಬೇರೆ ದಾರಿ ಇಲ್ಲ. ತಿಪಟೂರಿನ ನಮ್ಮ ಮನೆಯಲ್ಲಿ ಬೇಸಿಗೆ ಮಧ್ಯಾಹ್ನ ಈ ಹದ ಮೂರು ನಾಲ್ಕು ನಿಮಿಷವೂ ನಿಲ್ಲುವುದಿಲ್ಲ. ಸೆಖೆಯಾದರೂ ಫ್ಯಾನು ಆರಿಸಿಯೇ ಕೂರುತ್ತೇನೆ. ತವರುಮನೆ ತೀರ್ಥಹಳ್ಳಿ ಕಡೆ, ಅಲ್ಲಿ ಆಷಾಢದ ಮಳೆಯಲ್ಲಿ ಒಮ್ಮೆ ಪ್ರಯತ್ನಪಟ್ಟೆ. ಅರ್ಧ ಗಂಟೆಯಾದರೂ ಕಾಗದ ಒದ್ದೆಯೇ.

ಮೊದಲು ತಿಳಿ ಹಳದಿ, ಬಿಳಿ ಬಿಟ್ಟ ಜಾಗ ಉಳಿದು ಹಣ್ಣಿನ ಮೈಯೆಲ್ಲಾ. ಆ ಹಳದಿ ಹೊಳೆಯುತ್ತಿರುವಾಗಲೇ ಭುಜದ ಕಡೆ ಕಿತ್ತಳೆ, ತೊಟ್ಟಿನ ಬುಡದಲ್ಲಿ ಒಂದು ಚೂರು ಕಿರಮಂಜಿ, ಕೆಳಗಿನ ಮೂತಿಯ ಕಡೆ ತುಸು ಹಸಿರು. ಕುಂಚದಿಂದ ಉಜ್ಜಬಾರದು. ತುದಿ ತಾಗಿಸಿ ಎತ್ತಿಬಿಡಬೇಕು, ಹಣೆಗೆ ಕುಂಕುಮ ಇಟ್ಟ ಹಾಗೆ. ಆಮೇಲೆ ಪ್ಯಾಡನ್ನು ಆ ಕಡೆ ಈ ಕಡೆ ಓರೆ ಮಾಡಿದರೆ ಬಣ್ಣ ತಾನೇ ನಡೆಯುತ್ತದೆ.

ಅರಸೀಕೆರೆಯ ತಂಗಿಯ ಕೆಸರು ಎಲ್ಲಿಂದ ಬಂತು ಅಂದರೆ, ಕೆಂಪೂ ಹಸಿರೂ ಒಂದಕ್ಕೊಂದು ತಾಗಿದ್ದರಿಂದ. ಇವೆರಡು ಸೇರಿದರೆ ಕಂದೇ ಆಗುವುದು. ನಡುವೆ ಎರಡು ಬೆರಳಗಲ ಹಳದಿ ಇರಲಿ. ಹಳದಿ ಎರಡು ಕಡೆಯವರ ಹತ್ತಿರವೂ ಹೊಂದಿಕೊಂಡು ಹೋಗುವ ಸೊಸೆ ಇದ್ದ ಹಾಗೆ, ಕೆಂಪಿಗೆ ಸೇರಿದರೆ ಕಿತ್ತಳೆ, ಹಸಿರಿಗೆ ಸೇರಿದರೆ ಎಳೆ ಹಸಿರು. ಇನ್ನೊಂದು ಮಾತು. ಎರಡನೆಯ ಬಣ್ಣ ಮೊದಲಿನದಕ್ಕಿಂತ ಗಟ್ಟಿಯಾಗಿರಬೇಕು, ಮಜ್ಜಿಗೆಯ ಮೇಲೆ ಮೊಸರು ಬಿಟ್ಟ ಹಾಗೆ. ಅರೆ ಒಣಗಿದ ಕಾಗದಕ್ಕೆ ನೀರು ತೊಟ್ಟಿಕ್ಕುವ ಕುಂಚ ತಾಗಿಸಿದಿರೋ, ನೀರು ಬಣ್ಣವನ್ನು ಅಂಚಿಗೆ ತಳ್ಳಿ ಹೂಕೋಸಿನ ಆಕಾರದ ಕಲೆ ಮಾಡುತ್ತದೆ. ಇಂಗ್ಲಿಷಿನ ಚಿತ್ರಗಾರರೂ ಇದನ್ನು ಕಾಲಿಫ್ಲವರ್ ಅಂತಲೇ ಕರೆಯುತ್ತಾರಂತೆ. ಬಣ್ಣ ಒಣಗಿದ ಮೇಲೆ ಮಂಕಾಗುವುದರಿಂದ, ಹಾಕುವಾಗ ಸ್ವಲ್ಪ ಜಾಸ್ತಿಯೇ ಆಯಿತೇನೋ ಅನ್ನುವಷ್ಟು ಗಾಢವಾಗಿ ಹಾಕಿ.

ಮಾವಿನ ಸಿಪ್ಪೆಯ ಮೇಲೆ ಸಣ್ಣ ಸಣ್ಣ ತಿಳಿ ಚುಕ್ಕಿಗಳಿರುತ್ತವಲ್ಲ, ಅದಕ್ಕೆ ಅಡಿಗೆ ಮನೆಯ ಉಪ್ಪೇ ಸಾಕು. ಹೊಳಪು ಇಳಿಯುತ್ತಾ ಬರುವಾಗ ನಾಲ್ಕೇ ಹರಳು ಉದುರಿಸಿ. ಒಂದೊಂದು ಹರಳೂ ಸುತ್ತಲಿನ ನೀರು ಹೀರಿ ತಿಳಿ ಚುಕ್ಕಿ ಬಿಡುತ್ತದೆ. ಚೆನ್ನಾಗಿ ಒಣಗಿದ ಮೇಲೆ ಕೈಯಿಂದ ಒರೆಸಿಬಿಡಿ. ಹಣ್ಣಿನ ನೆರಳಿಗೆ ಕಪ್ಪು ಬೇಡ. ಅಲ್ಟ್ರಾಮರೀನ್ ನೀಲಿಗೆ ಒಂದು ಚೂರು ಬರ್ನ್ಟ್ ಸಿಯೆನ್ನಾ ಕಂದು ಸೇರಿಸಿ, ಹಣ್ಣಿನ ತಳ ಇನ್ನೂ ತುಸು ಹಸಿ ಇರುವಾಗ ಎಳೆದರೆ ಹಳದಿ ನೆರಳಿನೊಳಕ್ಕೆ ಇಳಿದು ಹಣ್ಣು ನೆಲದ ಮೇಲೆ ಕೂತ ಹಾಗೆ ಕಾಣುತ್ತದೆ.

ಹಳದಿಯ ವಿಷಯ ಬಂದಾಗ ಒಂದು ಸ್ವಾರಸ್ಯ ಹೇಳದೆ ಇರಲಾರೆ. ಟ್ಯೂಬಿನ ಮೇಲೆ ಗ್ಯಾಂಬೋಜ್ ಅಂತ ಬರೆದಿರುತ್ತದಲ್ಲ, ಅದು ಕಾಂಬೋಡಿಯಾ ದೇಶದ ಹೆಸರಿನಿಂದ ಬಂದದ್ದು. ಅಲ್ಲಿಯ ಒಂದು ಮರದ ಅಂಟಿನಿಂದ ಹಿಂದೆ ಈ ಹಳದಿ ತೆಗೆಯುತ್ತಿದ್ದರು. ಆ ಮರದ ಬಳಗ ನಮ್ಮ ಘಟ್ಟದಲ್ಲೂ ಇದೆ: ಸಾರಿಗೆ ಹಾಕುವ ಉಪ್ಪಾಗೆ, ಪಾನಕ ಮಾಡುವ ಮುರುಗಲು, ಮತ್ತೆ ಗಾಯ ಮಾಡಿದರೆ ಹಳದಿ ಅಂಟು ಸುರಿಸುವ ಅರಿಸಿನಗುರ್ಗಿ. ಈಗಿನ ಟ್ಯೂಬುಗಳಲ್ಲಿ ಬರುವುದು ಹೆಚ್ಚಾಗಿ ಕಾರ್ಖಾನೆಯ ಬಣ್ಣ, ಹೆಸರು ಮಾತ್ರ ಉಳಿದಿದೆ. ಇನ್ನೊಂದು ಹಳದಿಗೆ ಇಂಡಿಯನ್ ಯೆಲ್ಲೋ ಅಂತ ಹೆಸರು. ಬಿಹಾರದ ಮುಂಗೇರ್ ಹತ್ತಿರ ಹಸುಗಳಿಗೆ ಮಾವಿನ ಎಲೆ ತಿನ್ನಿಸಿ, ಅವುಗಳ ಗಂಜಲ ಕಾಯಿಸಿ ಇದನ್ನು ಮಾಡುತ್ತಿದ್ದಾರೆ ಎಂದು 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿ ಎಂಬವರು ವರದಿ ಬರೆದರು. ಅದು ಎಷ್ಟರಮಟ್ಟಿಗೆ ನಿಜ ಅಂತ ವಿದ್ವಾಂಸರು ಬಹಳ ಕಾಲ ವಾದ ಮಾಡಿದ್ದುಂಟು. ಬರೀ ಮಾವಿನ ಎಲೆ ತಿಂದ ಆ ಹಸುಗಳ ಪಾಡು ಏನಾಗಿತ್ತೋ ಅಂತ ನನಗೆ ಸಂಕಟ.

ಇಷ್ಟೆಲ್ಲಾ ಕ್ರಮ ಹೇಳಿದೆ. ನಿಜವಾಗಿ ಕಷ್ಟವಾಗುವುದು ಇದಾವುದೂ ಅಲ್ಲ, ಬಣ್ಣ ಬಿಟ್ಟ ಮೇಲೆ ಸುಮ್ಮನಿರುವುದು. ಚೆಲ್ಲಿದ್ದು ಕಂಡರೆ ಒರೆಸುವ ಕೈ ನಮ್ಮದು. ರಂಗೋಲಿಯ ಎಳೆ ಚುಕ್ಕಿ ತಪ್ಪಬಾರದು, ಸೀರೆಯ ನೆರಿಗೆ ಕದಲಬಾರದು ಅಂತ ಬೆಳೆದವರು. ಕೆಂಪು ಹರಿದು ತನ್ನ ಗಡಿ ದಾಟಿತು ಅಂದ ಕೂಡಲೇ ಕುಂಚ ತಗೊಂಡು ಓಡುತ್ತೇವೆ, ಅಲ್ಲಿಗೆ ಚಿತ್ರ ಹೋಯಿತು. ನಾನು ಸುಮ್ಮನಿರಲು ಕಲಿತದ್ದು ಹೇಗೆ ಅಂತ ಹೇಳುತ್ತೇನೆ. ಕಲಿತೆ ಅನ್ನುವುದಕ್ಕಿಂತ ಹಾಗಾಯಿತು.

ತವರುಮನೆಯ ಅಂಗಳದಂಚಿಗೆ, ರಸ್ತೆಗೆ ಒರಗಿದ ಹಾಗೆ, ಒಂದು ಕಾಟು ಮಾವಿನ ಮರ ಇತ್ತು. ನಮ್ಮಜ್ಜ ನೋಡುವಾಗಲೇ ದೊಡ್ಡ ಮರವಂತೆ. ಯಾರೂ ನೆಟ್ಟದ್ದಲ್ಲ, ಹೆಸರೂ ಇಲ್ಲ. ಮನೆಯಲ್ಲಿ ಕೆಂಪುತೊಟ್ಟಿನ ಮರ ಅನ್ನುತ್ತಿದ್ದೆವು. ಹಣ್ಣು ಕೈಯ ಮುಷ್ಟಿಗಿಂತ ಚಿಕ್ಕದು, ನಾರು ಜಾಸ್ತಿ, ಆದರೆ ರಸ ಮೊಣಕೈವರೆಗೂ ಇಳಿಯುತ್ತಿತ್ತು. ರಸ್ತೆ ಅಗಲ ಮಾಡುವಾಗ ಅದಕ್ಕೂ ಕೆಂಪು ಬಣ್ಣದಲ್ಲಿ ನಂಬರು ಬಿತ್ತು. 2023ರ ಮೇ ತಿಂಗಳಲ್ಲಿ, ಹಣ್ಣು ಇನ್ನೂ ಮರದಲ್ಲಿರುವಾಗಲೇ ಕಡಿದರು. ಪರಿಹಾರ ಬಂತು, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ನಮ್ಮ ಮೇಲೆಯೇ. ನಂಬರು ಬಿದ್ದು ಎಷ್ಟೋ ತಿಂಗಳಾಗಿದ್ದರೂ ಒಂದು ಕಸಿ ಕಡ್ಡಿ ತೆಗೆದು ಬೇರೆ ಗಿಡಕ್ಕೆ ಕಟ್ಟಿಸಿಡಬೇಕು ಅಂತ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗೊರಟು ನೆಟ್ಟರೆ ಮರವೇನೋ ಆದೀತು, ಹಣ್ಣು ತಾಯಿ ಮರದ ಹಾಗೇ ಬರುತ್ತದೆ ಅನ್ನುವ ಭರವಸೆ ಇಲ್ಲ.

ತಮ್ಮ ಕೈಗೆ ಸಿಕ್ಕಷ್ಟು ಕಾಯಿ ಆರಿಸಿ, ಹುಲ್ಲು ಹಾಸಿ ಬುಟ್ಟಿ ಕಟ್ಟಿ ಕೊಟ್ಟ. ಬಸ್ಸಿನಲ್ಲಿ ತಿಪಟೂರಿಗೆ ತಂದೆ. ಬಿದ್ದ ಪೆಟ್ಟಿಗೆ ಹೆಚ್ಚಿನವು ಕೊಳೆತವು. ಸರಿಯಾಗಿ ಹಣ್ಣಾದದ್ದು ಆರು. ಮರದ ಫೋಟೋ ತಮ್ಮನ ಫೋನಿನಲ್ಲಿ ಇದೆ, ಆದರೆ ಅದರಲ್ಲಿ ಹಣ್ಣು ಸಾಸಿವೆ ಕಾಳಿನಷ್ಟು. ಹತ್ತಿರದಿಂದ ಒಂದು ಹಣ್ಣಿನ ಫೋಟೋ ಯಾರೂ ತೆಗೆದಿರಲಿಲ್ಲ. ನಾನು ತೆಗೆದು ನೋಡಿದೆ, ಫೋನು ಆ ಕೆಂಪನ್ನು ಒಮ್ಮೆ ಗುಲಾಬಿ ಮಾಡಿತು, ಒಮ್ಮೆ ಇಟ್ಟಿಗೆ ಮಾಡಿತು. ಹಣ್ಣು ಮೂರು ದಿನಕ್ಕಿಂತ ತಡೆಯುವುದಿಲ್ಲ ಅಂತ ಗೊತ್ತಿತ್ತು. ಊಟದ ಪಾತ್ರೆ ತೊಳೆದಿಟ್ಟು ಬರೆಯಲು ಕೂತೆ.

ಮೊದಲನೆಯದನ್ನು ಬಹಳ ಜೋಪಾನವಾಗಿ ಬರೆದೆ. ಎಲ್ಲಿ ಹೆಚ್ಚಾಯಿತೋ ಅಲ್ಲಿ ಹಿಂಡಿದ ಕುಂಚದಿಂದ ಹೀರಿದೆ, ಅಂಚೆಲ್ಲಾ ತಿದ್ದಿದೆ. ಅಚ್ಚುಕಟ್ಟಾದ ಮಾವಿನ ಹಣ್ಣು ಬಂತು. ಮಾರನೆಯ ದಿನ ಎರಡನೆಯದು. ಹಳದಿ ಬಿಟ್ಟು, ತೊಟ್ಟಿಗೆ ಕಿರಮಂಜಿ ತಾಗಿಸಿದ್ದೇನೆ, ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ. ಪ್ಯಾಡನ್ನು ಗೋಡೆಗೆ ಒರಗಿಸಿ ಓಡಿದೆ. ಒಲೆ ಒರೆಸಿ, ಉಳಿದ ಹಾಲು ಬೇರೆ ಪಾತ್ರೆಗೆ ಬಗ್ಗಿಸಿ ಬರುವ ಹೊತ್ತಿಗೆ ಕಿರಮಂಜಿ ತನ್ನ ಪಾಡಿಗೆ ಹಣ್ಣಿನ ಅರ್ಧಕ್ಕೆ ಇಳಿದು, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡವಾಗಿ ನಿಂತಿತ್ತು. ಮುಟ್ಟೋಣ ಅಂದರೆ ಹೊಳಪು ಹೋಗಿತ್ತು. ಕೆಟ್ಟಿತು ಅಂತ ಬೇಜಾರಾಗಿ ಹಳೆ ಪತ್ರಿಕೆಗಳ ಅಡಿಗೆ ಹಾಕಿಟ್ಟೆ. ಮೂರನೆಯ ದಿನ ಮನೆಗೆ ನೆಂಟರು ಬಂದರು, ಬರೆಯುವುದಾಗಲಿಲ್ಲ. ಆಮೇಲೆ ಹಣ್ಣು ಮೆತ್ತಗಾಗಿತ್ತು.

ದೀಪಾವಳಿಗೆ ತವರಿಗೆ ಹೋದಾಗ ಎರಡನ್ನೂ ತಗೊಂಡು ಹೋದೆ. ಅಚ್ಚುಕಟ್ಟಾದದ್ದನ್ನು ಮೊದಲು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿದೆ ಕಣೇ, ಅಂಗಡಿ ಹಣ್ಣಿನ ಹಾಗಿದೆ" ಅಂದಳು. ನಾನು ಏನೂ ಹೇಳದೆ ಇನ್ನೊಂದನ್ನು ಕೊಟ್ಟೆ. ಅದನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. "ಇದು ನಮ್ಮದು" ಅಂದಳು. "ತೊಟ್ಟಿನ ಕೆಂಪು ಹೀಗೇ ಓರೆಯಾಗಿ ಇಳೀತಿತ್ತು. ಬಿಸಿಲಿನ ಕಡೆಗೆ ಉದ್ದ, ಎಲೆ ಮರೆಯ ಕಡೆಗೆ ಗಿಡ್ಡ. ನಿಂಗೆ ಹೇಗೆ ನೆನಪಿತ್ತು?"

ನೆನಪಿರಲಿಲ್ಲ ಅಮ್ಮ, ಹಾಲು ಉಕ್ಕಿತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮೊದಲ ದಿನ ಹಣ್ಣು ನನ್ನ ಎದುರಿಗೇ ಇತ್ತು, ಕೆಂಪು ಓರೆಯಾಗಿ ಇಳಿದದ್ದೂ ಕಂಡಿತ್ತು. ನಾನೇ ಅದನ್ನು ಎರಡು ಕಡೆಗೂ ಸಮ ಮಾಡಿ ತಿದ್ದಿದ್ದೆ. ಈಗ ಆ ಚಿತ್ರಕ್ಕೆ ತಮ್ಮ ಕಟ್ಟು ಹಾಕಿಸಿ ಅಮ್ಮ ಮಲಗುವ ಕೋಣೆಯಲ್ಲಿ ತೂಗುಹಾಕಿದ್ದಾನೆ. ಕಿಟಕಿಯ ಎದುರು ಹಾಕಬೇಡ ಅಂತ ನಾನೇ ಜಾಗ ಬದಲಾಯಿಸಿದೆ. ಕಿರಮಂಜಿಗೆ ಬಿಸಿಲು ಆಗುವುದಿಲ್ಲ, ಕ್ರಮೇಣ ಬಿಳಿಚಿಕೊಳ್ಳುತ್ತದೆ. ಮಲೆನಾಡಿನವರು ಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ನೇರ ತಾಗದಂತೆ ನಡುವೆ ರಟ್ಟಿನ ಅಂಚು ಇಡಿಸಿ, ಇಲ್ಲದಿದ್ದರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಇನ್ನು ಅತ್ತೆಯವರ ಮಾತು. ತಂಗೀ, ಎದುರು ವಾದಿಸಬೇಡಿ, ಡಬ್ಬಿಯನ್ನೂ ಬಿಡಬೇಡಿ. ಭಾನುವಾರ ಇಡೀ ದಿನ ಟೀವಿಯ ಮುಂದೆ ಕ್ರಿಕೆಟ್ ನೋಡುವ ಗಂಡಸರಿಗೆ ಮಕ್ಕಳಾಟ ಅಂತ ಯಾರೂ ಹೇಳುವುದಿಲ್ಲ. ನಿಮ್ಮದು ದಿನಕ್ಕೆ ಅರ್ಧ ಗಂಟೆ, ಒಂದು ತುಂಡು ಕಾಗದ. ಅದಕ್ಕೆ ಅಪ್ಪಣೆ ಕೇಳಬೇಕಾದ್ದಿಲ್ಲ ಅಂತ ನನ್ನ ಅಭಿಪ್ರಾಯ. ಹಾಗಂತ ಅನ್ನ ಸೀದು ಹೋಗುವಾಗ ಕುಂಚ ಹಿಡಿದು ಕೂತರೆ ನಾನು ನಿಮ್ಮ ಅತ್ತೆಯ ಪಕ್ಷವೇ. ನಮ್ಮತ್ತೆಯವರೂ ಮೊದಮೊದಲು ಮೂಗು ಮುರಿದರು. ಒಂದು ದಿನ ನಾನು, "ಅತ್ತೆ, ನಿಮ್ಮ ತವರಿನಲ್ಲಿ ಯಾವ ಹಣ್ಣು ಇತ್ತು?" ಅಂತ ಕೇಳಿದೆ. ಒಂದು ಗಂಟೆ ಹಲಸಿನ ಮರದ ಕತೆ ಹೇಳಿದರು. ಈಗ ಹಲಸು ಯಾವಾಗ ಬರೀತೀಯ ಅಂತ ಅವರೇ ಪೀಡಿಸುತ್ತಾರೆ. ಅದರ ಮುಳ್ಳು ಮುಳ್ಳು ಮೈಗೆ ನನಗಿನ್ನೂ ಧೈರ್ಯ ಬಂದಿಲ್ಲ.

ಚಿತ್ರಕ್ಕೆ ಕೂತ ಹಣ್ಣನ್ನು ಎಸೆಯಬೇಡಿ. ಕಾಟು ಮಾವಾದರೆ ಸಾಸಿವೆ ಮಾಡಿ. ಆರು ಹಣ್ಣಿನ ಸಿಪ್ಪೆ ತೆಗೆದು, ಸಿಪ್ಪೆಯನ್ನು ಸ್ವಲ್ಪ ನೀರಿನಲ್ಲಿ ಕಿವುಚಿ ಆ ರಸವನ್ನೂ ಹಣ್ಣಿಗೇ ಸೇರಿಸಿ. ಗೊರಟು ಅದರಲ್ಲೇ ಇರಲಿ. ಒಂದು ಬಟ್ಟಲು ಕಾಯಿತುರಿ, ಎರಡು ಒಣಮೆಣಸಿನಕಾಯಿ, ಅರ್ಧ ಚಮಚ ಸಾಸಿವೆ ನುಣ್ಣಗೆ ರುಬ್ಬಿ ಹಾಕಿ, ನಿಂಬೆ ಗಾತ್ರದ ಬೆಲ್ಲ, ಉಪ್ಪು ಬೆರೆಸಿ. ಹುಳಿ ಜಾಸ್ತಿಯಿದ್ದರೆ ಬೆಲ್ಲ ಇನ್ನಷ್ಟು ಬೇಕಾದೀತು. ಕುದಿಸುವುದಿಲ್ಲ. ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಆಯಿತು. ಆ ಆರು ಹಣ್ಣಿನಲ್ಲಿ ನಾನು ಮಾಡಿದ್ದೂ ಇದನ್ನೇ. ಗೊರಟುಗಳನ್ನು ಹಿತ್ತಿಲಲ್ಲಿ ಊರಿದ್ದೆ, ಎರಡು ಮೊಳೆತವು.

ಮುಂದಿನ ಸಂಚಿಕೆಗೆ ಪಪ್ಪಾಯಿಯ ಹೋಳು. ಕಿತ್ತಳೆ, ಕೆಂಪು ಎರಡೇ ಬಣ್ಣ, ಮಾವಿಗಿಂತ ಸುಲಭ. ಕರೀ ಬೀಜಗಳನ್ನು ಮಾತ್ರ ಕಾಗದ ಪೂರ್ತಿ ಒಣಗಿದ ಮೇಲೆ ಇಡಬೇಕು, ಆತುರಪಟ್ಟರೆ ಕಾಲು ಮೂಡಿ ಹುಳ ಹರಿದ ಹಾಗಾಗುತ್ತದೆ. ಅರಸೀಕೆರೆಯ ತಂಗಿ, ಡಬ್ಬಿ ಅಟ್ಟದಿಂದ ಇಳಿಯಿತೋ ಇಲ್ಲವೋ ಒಂದು ಸಾಲು ಬರೆಯಿರಿ.